ಸಹಾಯ ಬೇಕು: 1967ರ ಎಂಜಿಬಿಗೆ ಡಬಲ್ ಸರ್ಕ್ಯೂಟ್ ಬ್ರೇಕ್ ಮಾಸ್ಟರ್ ಸಿಲಿಂಡರ್

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಕುವೆಂಪುನಗರದವನು. ಮಾವನವರ ಹಳೇ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಈಗ ನನ್ನ ಹತ್ತಿರ ಇದೆ. ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ಹಿಡಿದರೆ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತದೆ. ಹೊರಗೆ ಎಲ್ಲೂ ಸೋರಿಲ್ಲ, ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕಮ್ಮಿ ಆಗಿಲ್ಲ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್‌ಗೆ ಪ್ರೆಶರ್ ಕೊಡುವ ಭಾಗ) ಒಳಗಿನ ಸೀಲ್ ಹೋಗಿರಬೇಕು.

ಬರೀ ಸೀಲ್ ಕಿಟ್ ಹಾಕಿಸಬಹುದು. ಆದರೆ ಇದು ಸಿಂಗಲ್ ಸರ್ಕ್ಯೂಟ್, ಅಂದರೆ ನಾಲ್ಕೂ ಚಕ್ರಕ್ಕೆ ಆಯಿಲ್ ಹೋಗುವ ವ್ಯವಸ್ಥೆ ಒಂದೇ. ಎಲ್ಲೇ ಪೈಪ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಹೋಯಿತು ಅಂತಲೇ ಲೆಕ್ಕ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಾಮುಂಡಿ ಬೆಟ್ಟ ಇಳಿಯುವಾಗ ಅದೇ ಯೋಚನೆ. ಅದಕ್ಕೇ ಮುಂದಿನ, ಹಿಂದಿನ ಬ್ರೇಕ್ ಬೇರೆ ಬೇರೆ ಮಾಡುವ ಟ್ಯಾಂಡೆಮ್ ಸಿಲಿಂಡರ್ ಹಾಕಿಸಬೇಕು ಅಂತಿದ್ದೇನೆ.

ದೊಡ್ಡ ಬೋರ್ (ಸಿಲಿಂಡರ್‌ನ ಒಳ ಅಗಲ) ಇರುವುದು ಹಾಕಿಸಿ, ಪೆಡಲ್ ಗಟ್ಟಿಯಾಗುತ್ತದೆ ಅಂತ ಕೆಲವರು ಹೇಳಿದರು. ನಿಜವೇ. ಆದರೆ ಮುಕ್ಕಾಲು ಇಂಚಿನಿಂದ 7/8 ಇಂಚಿಗೆ ಹೋದರೆ ಪಿಸ್ಟನ್ ವಿಸ್ತೀರ್ಣ ಶೇ. 36ರಷ್ಟು ಜಾಸ್ತಿ. ಅದೇ ಪ್ರೆಶರ್ ಬರಬೇಕಾದರೆ ಕಾಲೂ ಅಷ್ಟೇ ಜಾಸ್ತಿ ಒತ್ತಬೇಕು. ನಮ್ಮ ಗಾಡಿಗೆ ಸರ್ವೋ (ಕಾಲಿನ ಒತ್ತಡಕ್ಕೆ ನೆರವಾಗುವ ಬೂಸ್ಟರ್) ಇಲ್ಲ, ಹಾಗಾಗಿ ಬೋರ್ ಸುಮ್ನೆ ದೊಡ್ಡದು ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಹಳೇ ಪೆಡಲ್ ಬಾಕ್ಸ್‌ಗೇ ಟ್ಯಾಂಡೆಮ್ ಕೂರಿಸಿದವರು ಯಾರಾದರೂ ಇದ್ದೀರಾ? ಪೆಡಲ್‌ನಿಂದ ಪಿಸ್ಟನ್ ತಳ್ಳುವ ಪುಶ್‌ರಾಡ್ ಉದ್ದ ಹೇಗೆ ಹೊಂದಿಸಿದಿರಿ? ಇನ್ನೊಂದು ತಲೆನೋವು ಪೈಪ್ ನಟ್‌ಗಳದ್ದು. ಇದರವು 3/8 ಇಂಚಿನ ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ) ಥ್ರೆಡ್. ಈಗಿನ 10 ಎಂಎಂ ನಟ್ ನೋಡಲು ಅದರ ಹಾಗೇ ಇರುತ್ತದೆ, ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಹಾಳು. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಾಗಲಿ ಮಂಡ್ಯದಲ್ಲಾಗಲಿ ಇಂಚಿನ ಅಳತೆಯ ಪೈಪ್‌ಗೆ ನೀಟಾಗಿ ಡಬಲ್ ಫ್ಲೇರ್ (ಪೈಪ್ ತುದಿ ಅಗಲಿಸಿ ಎರಡು ಮಡಿಕೆ) ಮಾಡಿಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕೆಲಸ ಮುಗಿಯುವವರೆಗೆ ಗಾಡಿ ಹೊರಗೆ ತೆಗೆಯುವುದಿಲ್ಲ.