‘ಸ್ಮಾರ್ಟ್’ ಬೀಗಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಸ್ಮಾರ್ಟ್ ಬಲ್ಬ್, ಸ್ಮಾರ್ಟ್ ಬೀಗ, ಸ್ಮಾರ್ಟ್ ಬ್ರಷ್, ಸ್ಮಾರ್ಟ್ ನೀರಿನ ಬಾಟಲಿ. ಗ್ಯಾಜೆಟ್ ಸುದ್ದಿ ಬರೆಯುವವರಿಗೆ ಈ ಒಂದು ಪದ ಇಲ್ಲದಿದ್ದರೆ ಕೈಕಾಲೇ ಆಡುವುದಿಲ್ಲ. ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನುವುದು ನನ್ನ ಪ್ರಶ್ನೆ. ಜಾಣ, ಚತುರ, ಚೂಟಿ, ಚುರುಕು ಎಲ್ಲವೂ ಓಡಾಡುತ್ತಿವೆ. ಒಂದೊಂದನ್ನೂ ಬಾಯಲ್ಲಿ ಆಡಿಸಿ ನೋಡಿದಾಗ ನನಗೆ ತೋಚಿದ್ದನ್ನು ಬರೆಯುತ್ತೇನೆ. ಒಪ್ಪದವರು ದಯವಿಟ್ಟು ಜಗಳಕ್ಕೆ ಬನ್ನಿ.

ಮೊದಲು ಜಾಣ. ‘ಜಾಣ ಬಲ್ಬ್’ ಅಂದರೆ ಕಿವಿಗೇನೋ ಹಿತವಾಗಿದೆ. ಆದರೆ ಜಾಣತನವನ್ನು ಕನ್ನಡ ಯಾರಿಗೆ ಕೊಡುತ್ತದೆ? ಜಾಣ ಹುಡುಗ, ಜಾಣ ನಾಯಿ ಅನ್ನುತ್ತೇವೆ. ಜೀವ ಇಲ್ಲದ್ದಕ್ಕೂ ಅನ್ನುತ್ತೇವೆ: ಜಾಣ ನಡೆ, ಜಾಣ ಉತ್ತರ. ಅಲ್ಲಿ ಜಾಣತನ ನಡೆಯದ್ದಲ್ಲ, ಆ ನಡೆ ಇಟ್ಟವರದ್ದು. ಉತ್ತರದ್ದಲ್ಲ, ಉತ್ತರ ಕೊಟ್ಟವರದ್ದು. ಹಾಗಾದರೆ ಜಾಣ ಬಲ್ಬ್ ಅಂದಾಗ ಜಾಣರು ಯಾರು? ಬಲ್ಬ್ ಮಾರಿದವರು ಅಂತ ನಮ್ಮ ವ್ಯಾಕರಣವೇ ಹೇಳಿಬಿಡುತ್ತದೆ!

ಜೂಸೆರೊ ಎಂಬ ಹಣ್ಣಿನ ರಸದ ಯಂತ್ರ ನಿಮಗೆ ನೆನಪಿರಬಹುದು. 2016ರಲ್ಲಿ ಅಮೆರಿಕದಲ್ಲಿ 699 ಡಾಲರಿಗೆ ಮಾರಾಟಕ್ಕೆ ಬಂತು. ಅದು ಕೆಲಸ ಮಾಡಲು ವೈಫೈ ಬೇಕು. ಕಂಪನಿಯವರೇ ಹಣ್ಣು ತರಕಾರಿ ಹೆಚ್ಚಿ ತುಂಬಿದ ಪೊಟ್ಟಣ ಬೇಕು. ಪೊಟ್ಟಣದ ಮೇಲಿನ ಕ್ಯೂಆರ್ ಕೋಡನ್ನು ಯಂತ್ರ ಓದಬೇಕು, ಓದಿ ಒಪ್ಪಬೇಕು, ಆಮೇಲಷ್ಟೇ ಹಿಂಡುತ್ತದೆ. 2017ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ವರದಿಗಾರರು ಅದೇ ಪೊಟ್ಟಣವನ್ನು ಬರಿಗೈಯಲ್ಲಿ ಹಿಂಡಿ ರಸ ತೆಗೆದು ತೋರಿಸಿದರು. ಸೆಪ್ಟೆಂಬರ್ ಹೊತ್ತಿಗೆ ಕಂಪನಿ ಬಾಗಿಲು ಹಾಕಿತು. ಇದನ್ನು ‘ಜಾಣ ಯಂತ್ರ’ ಅಂತ ಬರೆಯಲು ನನಗೆ ಕೈ ಬರುವುದಿಲ್ಲ. ಕೆಲಸ ಗೊತ್ತಿದ್ದದ್ದು ಎರಡು ಅಂಗೈಗಳಿಗೆ.

ಜಾಣ ಪದಕ್ಕೆ ಇನ್ನೊಂದು ಮುಖವೂ ಇದೆ. ಜಾಣ ಕುರುಡು, ಜಾಣ ಕಿವುಡು, ಜಾಣ ಮರೆವು. ಕಂಡರೂ ಕಾಣದ ಹಾಗೆ, ಕೇಳಿದರೂ ಕೇಳಿಸದ ಹಾಗೆ ಇರುವುದು. ಈ ಅರ್ಥದಲ್ಲಿ ಮಾತ್ರ ಕೆಲವು ಟಿವಿಗಳು ನಿಜಕ್ಕೂ ಜಾಣ. ವಿಜಿಯೊ ಎಂಬ ಅಮೆರಿಕದ ಕಂಪನಿಯ ಸ್ಮಾರ್ಟ್ ಟಿವಿಗಳು ಮನೆಯವರು ಏನು ನೋಡುತ್ತಿದ್ದಾರೆ ಎಂಬ ಲೆಕ್ಕವನ್ನು ಸುಮ್ನೆ ಕಂಪನಿಗೆ ಕಳಿಸುತ್ತಿದ್ದವು. ಅಂಥ ಟಿವಿಗಳು 1 ಕೋಟಿ 10 ಲಕ್ಷ. 2017ರಲ್ಲಿ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹಿಡಿದು ಕೇಳಿದಾಗ ಕಂಪನಿ 22 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ನಾವು ಟಿವಿ ನೋಡುತ್ತೇವೆ ಅಂದುಕೊಂಡಿದ್ದೇವೆ, ಟಿವಿ ನಮ್ಮನ್ನು ನೋಡುತ್ತಿದೆ. ಓದುಗರಿಗೆ ತಿಳಿಯಬೇಕಾದ್ದು ಇದು. ‘ಸ್ಮಾರ್ಟ್’ ಅಂದರೂ ತಿಳಿಯುವುದಿಲ್ಲ, ‘ಜಾಣ’ ಅಂದರೂ ತಿಳಿಯುವುದಿಲ್ಲ.

ಚತುರ ಬೇಡ. ಅದು ಮಾತಿನಲ್ಲಿ, ಕಲೆಯಲ್ಲಿ ಪಳಗಿದವರ ಪದ. ಬೀಗಕ್ಕೆ ಹೊಂದುವುದಿಲ್ಲ. ಚೂಟಿ ನನಗೆ ತುಂಬಾ ಇಷ್ಟ. ಅಚ್ಚಗನ್ನಡದಲ್ಲಿ ಬರೆಯುವವರು ಸ್ಮಾರ್ಟ್‌ಫೋನಿಗೆ ‘ಚೂಟಿಯುಲಿ’ ಅಂತ ಕಟ್ಟಿದ್ದಾರೆ. ಹೇಳಲು ಚೆನ್ನಾಗಿದೆ. ಆದರೆ ಚೂಟಿ ಅಂದ ತಕ್ಷಣ ನನಗೆ ಮನೆ ತುಂಬ ಓಡಾಡುವ ಮಗು ಕಾಣುತ್ತದೆ. ಆಳೆತ್ತರದ ಫ್ರಿಜ್ಜನ್ನು ಚೂಟಿ ಅನ್ನಲು ಆಗುತ್ತಾ?

ಇನ್ನು ಚುರುಕು. ಇದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಇಂಗ್ಲಿಷಿನ ಸ್ಮಾರ್ಟ್‌ಗೆ ಮೊದಲಿದ್ದ ಅರ್ಥ ಬುದ್ಧಿಯದ್ದಲ್ಲ, ನೋವಿನದ್ದು. ಹಳೆಯ ಇಂಗ್ಲಿಷಿನಲ್ಲಿ ಅದು ಉರಿ, ಕುಟುಕಿದಂಥ ನೋವು. ಕಣ್ಣಿಗೆ ಸೋಪು ಹೋದಾಗ ಆಗುವುದನ್ನು ಅವರು ಇಂದಿಗೂ ಇದೇ ಪದದಲ್ಲಿ ಹೇಳುತ್ತಾರೆ. ನೋವಿನ ತೀಕ್ಷ್ಣತೆ ಮುಂದೆ ವೇಗದ ಅರ್ಥಕ್ಕೆ ಬಂತು, ವೇಗ ಬುದ್ಧಿಯ ಅರ್ಥಕ್ಕೆ ಬಂತು. ಈಗ ನಮ್ಮ ಚುರುಕನ್ನು ನೋಡಿ. ಬಿಸಿ ತಾಗಿದರೆ ‘ಚುರುಕ್’ ಅನ್ನುತ್ತದೆ. ಹಸಿದ ಹೊಟ್ಟೆ ಚುರುಗುಟ್ಟುತ್ತದೆ. ಸೋಮಾರಿಗೆ ‘ಚುರುಕು ಮುಟ್ಟಿಸು’ ಅನ್ನುತ್ತೇವೆ. ಕೆಲಸ ಚುರುಕಾಗಿ ಸಾಗುತ್ತದೆ. ಕೊನೆಗೆ ಚುರುಕು ಬುದ್ಧಿ. ನೋವು, ವೇಗ, ಬುದ್ಧಿ ಮೂರೂ ಒಂದೇ ಪದದಲ್ಲಿ ಕೂತಿವೆ. ಒಂದಕ್ಕೊಂದು ನಂಟೇ ಇಲ್ಲದ ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ. ಇದನ್ನು ಗಮನಿಸಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಹಾಗಾದರೆ ಚುರುಕು ಅಂತಲೇ ಮುಗಿಸಬಹುದಲ್ವಾ? ಪದವಾಗಿ ನೂರಕ್ಕೆ ನೂರು ಒಪ್ಪುತ್ತೇನೆ. ವಸ್ತುವನ್ನು ನೋಡಿದರೆ ಒಪ್ಪಲಾರೆ. ಗೋಡೆಯ ಸ್ವಿಚ್ ಒತ್ತಿದರೆ ದೀಪ ಆ ಕ್ಷಣಕ್ಕೆ ಹತ್ತುತ್ತದೆ. ಸ್ಮಾರ್ಟ್ ಬಲ್ಬಿಗೆ ಫೋನ್ ಹುಡುಕಬೇಕು, ಆಪ್ ತೆರೆಯಬೇಕು. ಎಷ್ಟೋ ಬಲ್ಬುಗಳಲ್ಲಿ ನಮ್ಮ ಅಪ್ಪಣೆ ಎಲ್ಲೋ ದೂರದ ಸರ್ವರಿಗೆ ಹೋಗಿ, ತಿರುಗಿ ನಮ್ಮ ತಲೆಯ ಮೇಲಿನ ಬಲ್ಬಿಗೇ ಬರಬೇಕು. ಇದಕ್ಕೆ ‘ಚುರುಕು ಬಲ್ಬ್’ ಅಂದರೆ ಚುರುಕು ಪದಕ್ಕೆ ಅನ್ಯಾಯ.

ಅಸಲಿಗೆ ಸುದ್ದಿಯವರು ಸ್ಮಾರ್ಟ್ ಅಂದಾಗ ಏನು ಹೇಳುತ್ತಾರೆ? 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದ ಹೊತ್ತಿಗೆ, ಲೇಸರ್ ಬೆಳಕು ಹಿಡಿದು ಗುರಿ ಮುಟ್ಟುವ ಬಾಂಬಿಗೆ ‘ಸ್ಮಾರ್ಟ್ ಬಾಂಬ್’ ಅಂದರು. ಅಲ್ಲಿ ಅರ್ಥ ಖಚಿತವಾಗಿತ್ತು: ಗುರಿ ಹುಡುಕಿಕೊಂಡು ಹೋಗುವುದು. ಫೋನಿಗೆ ಬಂದಾಗ ಅರ್ಥ ಬದಲಾಯಿತು. 1994ರಲ್ಲಿ ಮಾರಾಟಕ್ಕೆ ಬಂದ ಐಬಿಎಂ ಸೈಮನ್ ಎಂಬ ಅರ್ಧ ಕಿಲೋ ತೂಕದ ಫೋನನ್ನು ಮೊದಲ ಸ್ಮಾರ್ಟ್‌ಫೋನ್ ಅನ್ನುತ್ತಾರೆ. ಪರದೆ ಮುಟ್ಟಿ ಬಳಸಬಹುದಿತ್ತು, ಇಮೇಲ್, ಫ್ಯಾಕ್ಸ್ ಕಳಿಸಬಹುದಿತ್ತು. ಅಲ್ಲಿ ಸ್ಮಾರ್ಟ್ ಅಂದರೆ ಒಂದೇ ಸಾಧನಕ್ಕೆ ಹಲವು ಕೆಲಸ. ಈಗ ಬಲ್ಬು, ಬೀಗದ ಕಾಲಕ್ಕೆ ಸ್ಮಾರ್ಟ್ ಅಂದರೆ ಬಹಳ ಸಲ ಇಷ್ಟೇ: ಇದಕ್ಕೆ ನೆಟ್ ಬೇಕು. ಬಾಂಬಿನಿಂದ ಬಲ್ಬಿಗೆ ಬರುವಷ್ಟರಲ್ಲಿ ಪದದೊಳಗೆ ತಿರುಳೇ ಉಳಿದಿಲ್ಲ. ತಿರುಳಿಲ್ಲದ ಹೊಗಳಿಕೆಗೆ ಕನ್ನಡದಲ್ಲಿ ಇನ್ನೊಂದು ಹೊಗಳಿಕೆ ಯಾಕೆ ಹುಡುಕಬೇಕು?

ನಮ್ಮ ಹಿರಿಯರು ಸಾಧನಕ್ಕೆ ಹೆಸರಿಟ್ಟ ರೀತಿ ನೋಡಿ. ಬೀಸುವುದು ಬೀಸಣಿಗೆ. ಮುಚ್ಚುವುದು ಮುಚ್ಚಳ. ಕಡೆಯುವ ಕೋಲು ಕಡೆಗೋಲು. ತೂಗುವ ತೊಟ್ಟಿಲು ತೂಗುತೊಟ್ಟಿಲು. ಹೊಗಳಿಕೆ ಎಲ್ಲೂ ಇಲ್ಲ. ಅದೇನು ಮಾಡುತ್ತದೋ ಅದೇ ಹೆಸರು. ಹೆಸರು ಕೇಳಿದರೆ ಸಾಕು, ಉಪಯೋಗ ಗೊತ್ತಾಗುತ್ತದೆ. ಗ್ಯಾಜೆಟ್ ಸುದ್ದಿಗೆ ಬೇಕಾದ್ದು ಈ ದಾರಿ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಬೀಗವನ್ನು ‘ನೆಟ್ ಬೀಗ’ ಅನ್ನೋಣ. ಕೇಳಿದವರ ಬಾಯಿಂದ ತಕ್ಷಣ ಬರುವ ಪ್ರಶ್ನೆ ಏನು? “ನೆಟ್ ಹೋದರೆ ಬಾಗಿಲು ತೆರೆಯುತ್ತಾ?” ನೋಡಿ, ಕೊಳ್ಳುವ ಮುಂಚೆ ಕೇಳಲೇಬೇಕಾದ ಪ್ರಶ್ನೆಯನ್ನು ಹೆಸರೇ ಹುಟ್ಟಿಸಿತು. ‘ಸ್ಮಾರ್ಟ್ ಬೀಗ’ ಅಂದರೆ ಆ ಪ್ರಶ್ನೆ ಏಳುವುದೇ ಇಲ್ಲ.

ಇದು ಬರೀ ಹೆದರಿಕೆಯ ಮಾತಲ್ಲ. ರಿವಾಲ್ವ್ ಎಂಬ ಪೆಟ್ಟಿಗೆ ಇತ್ತು. ಮನೆಯ ದೀಪ, ಬೀಗಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವಂಥದ್ದು, ಬೆಲೆ ಸುಮಾರು 300 ಡಾಲರ್. ಅದನ್ನು ಮಾಡಿದ ಕಂಪನಿಯನ್ನು ಕೊಂಡ ನೆಸ್ಟ್ ಎಂಬ ಇನ್ನೊಂದು ಕಂಪನಿ 2016ರ ಮೇ ತಿಂಗಳಲ್ಲಿ ಅದರ ಸೇವೆ ನಿಲ್ಲಿಸಿತು. ದುಡ್ಡು ಕೊಟ್ಟು ತಂದ ಪೆಟ್ಟಿಗೆ ಮನೆಯಲ್ಲೇ ಇದೆ, ಕೆಟ್ಟಿಲ್ಲ, ಒಡೆದಿಲ್ಲ, ಆದರೆ ಏನೂ ಮಾಡುವುದಿಲ್ಲ. 2025ರ ಅಕ್ಟೋಬರ್ 20ರಂದು ಅಮೆಜಾನಿನ ಕ್ಲೌಡ್ ಸೇವೆ ಕೈಕೊಟ್ಟಾಗ ಇನ್ನೂ ವಿಚಿತ್ರವಾಯಿತು. ಏಯ್ಟ್ ಸ್ಲೀಪ್ ಕಂಪನಿಯ ಹಾಸಿಗೆಗಳು ಇದೇ ಸೇವೆಯನ್ನು ನೆಚ್ಚಿಕೊಂಡು ನೆಟ್ ಮೂಲಕ ತಂಪು, ಬಿಸಿ ಹೊಂದಿಸುತ್ತಿದ್ದವು. ಅಂದು ಕೆಲವರ ಹಾಸಿಗೆ ಬಿಸಿಯಾಗಿಯೇ ನಿಂತುಬಿಟ್ಟಿತು, ಇನ್ನು ಕೆಲವರದ್ದು ತಲೆಕಡೆ ಎತ್ತಿಕೊಂಡ ಹಾಗೇ ಸಿಕ್ಕಿಕೊಂಡಿತು. ಮಲಗಲು ಸರ್ವರಿನ ದಯೆ ಬೇಕಾ? ಓದಿ ನಗು ಬಂತು, ಸಿಟ್ಟೂ ಬಂತು. ‘ನೆಟ್ ಹಾಸಿಗೆ’ ಅಂತ ಹೆಸರಿದ್ದಿದ್ದರೆ ಕೊಳ್ಳುವವರು ಇನ್ನೊಮ್ಮೆ ಯೋಚಿಸುತ್ತಿದ್ದರು.

‘ನೆಟ್’ ಕನ್ನಡವಾ ಅಂತ ಕೇಳುವವರಿದ್ದೀರಿ, ಗೊತ್ತು. “ನೆಟ್ ಇಲ್ಲ”, “ನೆಟ್ ಖಾಲಿ” ಅಂತ ದಿನಕ್ಕೆಷ್ಟು ಸಲ ಅನ್ನುತ್ತೇವೆ! ಜಾಲತಾಣದ ‘ಜಾಲ’ವನ್ನು ತರಬಹುದು. ಆದರೆ ‘ಜಾಲಬೀಗ’ ಅಂದರೆ ಯಾರೋ ಮೋಸದ ಜಾಲ ಹೆಣೆದ ಹಾಗೆ ಕೇಳಿಸುತ್ತದೆ. ನೆಟ್ ಇರಲಿ. ‘ಸ್ಮಾರ್ಟ್‌ಫೋನ್’ ಕೂಡ ಹಾಗೇ ಇರಲಿ. ಅದೀಗ ಹೊಗಳಿಕೆಯಾಗಿ ಉಳಿದಿಲ್ಲ, ವಸ್ತುವಿನ ಹೆಸರಾಗಿದೆ. ಬಹಳ ಜನ ಬರೀ ಫೋನ್ ಅನ್ನುತ್ತಾರೆ, ಅಷ್ಟೇ ಸಾಕು.

ಒಂದು ಪದವನ್ನು ಮಾತ್ರ ಹೊಸದಾಗಿ ಕಟ್ಟುವ ಆಸೆ ಇದೆ. ಅದು ಸ್ಮಾರ್ಟ್ ಸ್ಪೀಕರಿಗೆ. ಸ್ಪೀಕರ್ ಅಂದರೆ ಶಬ್ದ ಮಾಡುವುದು. ಈ ಸಾಧನದ ಹೊಸತನ ಇರುವುದು ಶಬ್ದ ಮಾಡುವುದರಲ್ಲಲ್ಲ, ಕೇಳಿಸಿಕೊಳ್ಳುವುದರಲ್ಲಿ. 2014ರಲ್ಲಿ ಬಂದ ಮೊದಲ ಅಮೆಜಾನ್ ಎಕೋದಲ್ಲಿ 7 ಮೈಕ್ ಇದ್ದವು. ಅದು ಕಿವಿಯ ಪೆಟ್ಟಿಗೆ, ಬಾಯಿ ಆಮೇಲೆ. ನನ್ನ ಸಲಹೆ ‘ಕೇಳುಪೆಟ್ಟಿಗೆ’. ಕನ್ನಡದ ‘ಕೇಳು’ ಎಷ್ಟು ಶ್ರೀಮಂತ ಪದ ನೋಡಿ. ಹಾಡು ಕೇಳು ಅಂದರೆ ಕಿವಿಗೊಡು. ದಾರಿ ಕೇಳು ಅಂದರೆ ಪ್ರಶ್ನೆ ಮಾಡು. ಹೇಳಿದ ಮಾತು ಕೇಳು ಅಂದರೆ ಅದರಂತೆ ನಡೆ. ಇಂಗ್ಲಿಷಿನಲ್ಲಿ ಇದಕ್ಕೆ ಮೂರು ಪದ ಬೇಕು. ನಾವು ಅದನ್ನು ಏನಾದರೂ ಕೇಳುತ್ತೇವೆ. ಅದು ನಮ್ಮ ದನಿ ಕೇಳುತ್ತದೆ. ದೀಪ ಆರಿಸು ಅಂದರೆ ಮಾತು ಕೇಳುತ್ತದೆ. ಮೂರೂ ಇದೇ ಪೆಟ್ಟಿಗೆಯಲ್ಲಿ ನಡೆಯುತ್ತವೆ. ಜೊತೆಗೆ, ಹೆಸರು ಹೇಳುವಾಗಲೆಲ್ಲ “ಇದು ಕೇಳುತ್ತಿದೆ” ಎಂಬ ಎಚ್ಚರವೂ ಸಿಗುತ್ತದೆ.

ಈಚೆಗೆ ಸ್ಮಾರ್ಟ್ ಜಾಗಕ್ಕೆ ‘ಎಐ’, ಅಂದರೆ ಕೃತಕ ಬುದ್ಧಿಮತ್ತೆ, ಬಂದು ಕೂರುತ್ತಿದೆ. ಎಐ ಬ್ರಷ್, ಎಐ ಫ್ರಿಜ್. ಅದಕ್ಕೂ ನನ್ನ ಅಳತೆಗೋಲು ಇದೇ. ಆ ಫ್ರಿಜ್ ಏನು ಮಾಡುತ್ತದೆ? ಒಳಗಿನ ತರಕಾರಿಯನ್ನು ಕ್ಯಾಮೆರಾದಲ್ಲಿ ನೋಡಿ ಗುರುತು ಹಿಡಿಯುವುದಾದರೆ ‘ಕ್ಯಾಮೆರಾ ಫ್ರಿಜ್’ ಅನ್ನಿ. ಏನೂ ಮಾಡುವುದಿಲ್ಲವಾದರೆ ಫ್ರಿಜ್ ಅನ್ನಿ.

ಈಗ ನಿಮ್ಮನ್ನು ಕೇಳಬೇಕಾದ್ದು. ನಿಮ್ಮ ಕಡೆ ಮಾತಿನಲ್ಲಿ ಚುರುಕು ಎಂಬುದಕ್ಕೆ ನೋವಿನ ಅರ್ಥ ಇನ್ನೂ ಬಳಕೆಯಲ್ಲಿದೆಯಾ, ಅಥವಾ ವೇಗ, ಬುದ್ಧಿ ಮಾತ್ರ ಉಳಿದಿವೆಯಾ? ಮಕ್ಕಳನ್ನು ಬಿಟ್ಟು ದೊಡ್ಡವರನ್ನೂ ಚೂಟಿ ಅನ್ನುತ್ತೀರಾ? ಇನ್ನು ವ್ಯಾಕರಣ ಬಲ್ಲವರಿಗೆ: ಕಡೆ, ಕೋಲು ಸೇರಿ ಕಡೆಗೋಲು ಆಗುವಾಗ ‘ಕ’ ಹೋಗಿ ‘ಗ’ ಬರುತ್ತದೆ. ತೂಗುತೊಟ್ಟಿಲಿನಲ್ಲಿ ‘ತ’ ಹಾಗೇ ನಿಲ್ಲುತ್ತದೆ. ಕೇಳು ಜೊತೆ ಪೆಟ್ಟಿಗೆ ಸೇರಿದಾಗ ತೊಟ್ಟಿಲಿನ ದಾರಿ ಹಿಡಿದು ‘ಕೇಳುಪೆಟ್ಟಿಗೆ’ ಅನ್ನುವುದೇ ನನ್ನ ಕಿವಿಗೆ ಸರಿ. ‘ಕೇಳುಬೆಟ್ಟಿಗೆ’ ಆಗಬೇಕು ಅನ್ನುವವರು ಇದ್ದೀರಾ? ಇದ್ದರೆ ಕಾರಣ ಸಮೇತ ಬರೆಯಿರಿ.