ಟಿಡಿಎಸ್ ಕಡಿತವಾಗಿದೆ, ಆದರೆ 26ಎಎಸ್ ತೆರಿಗೆ-ಜಮೆ ಪಟ್ಟಿಯಲ್ಲಿಲ್ಲ: 143(1) ಸೂಚನಾಪತ್ರದಲ್ಲಿ 9,480 ರೂಪಾಯಿ ಬೇಡಿಕೆ

ಕಂಬತೊಲೆ, ದಾವಣಗೆರೆ (ಅಕ್ಟೋಬರ್ 2024)

ಎಲ್ಲರಿಗೂ ನಮಸ್ಕಾರ. ನಾನು ಕಟ್ಟಡಗಳ ಸ್ಟ್ರಕ್ಚರಲ್ ವಿನ್ಯಾಸ ಮಾಡಿಕೊಡುವ ಎಂಜಿನಿಯರ್. 2023–24ರ ಆರ್ಥಿಕ ವರ್ಷದಲ್ಲಿ ಒಟ್ಟು 18,60,000 ರೂಪಾಯಿಯ ಬಿಲ್ ಮಾಡಿದ್ದೆ. 44ಎಡಿಎ ಸೆಕ್ಷನ್ ಪ್ರಕಾರ ಅದರ ಅರ್ಧ, ಅಂದರೆ 9,30,000 ರೂಪಾಯಿಯನ್ನು ಆದಾಯವೆಂದು ತೋರಿಸಿ, ಹೊಸ ತೆರಿಗೆ ಪದ್ಧತಿಯಲ್ಲಿ ಜುಲೈನಲ್ಲೇ ಐಟಿಆರ್-4 ರಿಟರ್ನ್ ಸಲ್ಲಿಸಿದ್ದೇನೆ. ಸೆಸ್ ಸೇರಿ ತೆರಿಗೆ 51,480 ರೂಪಾಯಿ ಆಗಿತ್ತು, ಗ್ರಾಹಕ ಕಂಪನಿಗಳು ಕಡಿತ ಮಾಡಿದ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) 86,000 ಇತ್ತು, ಹಾಗಾಗಿ 34,520 ರೂಪಾಯಿ ಮರುಪಾವತಿ ಬರಬೇಕಿತ್ತು. ಆದರೆ ಬೆಂಗಳೂರಿನ ಸಿಪಿಸಿಯಿಂದ (ರಿಟರ್ನ್‌ಗಳನ್ನು ಪರಿಶೀಲಿಸುವ ಕೇಂದ್ರ) ಬಂದ ಸೂಚನಾಪತ್ರದಲ್ಲಿ 42,000 ರೂಪಾಯಿಯನ್ನು ಮಾತ್ರ ಒಪ್ಪಿ, ನಾನೇ 9,480 ಕಟ್ಟಬೇಕೆಂದು ತಿಳಿಸಿದ್ದಾರೆ.

ಬಿಟ್ಟುಹೋದ 44,000 ಒಂದು ನಿರ್ಮಾಣ ಕಂಪನಿಗೆ ಮಾರ್ಚ್ ಕೊನೆಯ ವಾರ ಕೊಟ್ಟ 4,40,000 ರೂಪಾಯಿ ಬಿಲ್‌ಗೆ ಸಂಬಂಧಿಸಿದ್ದು. ಶೇ. 10ರಷ್ಟು ಕಳೆದು ಉಳಿದ 3,96,000 ನನ್ನ ಖಾತೆಗೆ ಬಂದಿದೆ. ತೆರಿಗೆ ಕಟ್ಟಿದ್ದೇವೆ ಎಂದು ಅವರ ಅಕೌಂಟೆಂಟ್ ಖಚಿತವಾಗಿ ಹೇಳುತ್ತಾರೆ. ದಯವಿಟ್ಟು ದಾರಿ ತಿಳಿಸಿ.

ಜಮಾಖರ್ಚು, ಧಾರವಾಡ

ಕಂಪನಿಯವರು ಚಲನ್ ಮೂಲಕ ಹಣ ಕಟ್ಟಿದ ಮಾತ್ರಕ್ಕೆ ಅದು ತಮ್ಮ ಹೆಸರಿಗೆ ಬರುವುದಿಲ್ಲ. ಅವರು 26ಕ್ಯೂ ಎಂಬ ತ್ರೈಮಾಸಿಕ ಟಿಡಿಎಸ್ ವಿವರಪಟ್ಟಿ ಸಲ್ಲಿಸಿ, ಅದರಲ್ಲಿ ತಮ್ಮ ಪ್ಯಾನ್ ಸರಿಯಾಗಿ ನಮೂದಿಸಿದ ಮೇಲೆಯೇ 26ಎಎಸ್‌ನಲ್ಲಿ ಸಾಲು ಮೂಡುತ್ತದೆ. ಪಟ್ಟಿಯನ್ನೇ ಸಲ್ಲಿಸದಿದ್ದರೆ ಅದನ್ನು ಅವರಿಂದ ಹಾಕಿಸುವುದು, ಪ್ಯಾನ್‌ನ ಒಂದು ಅಕ್ಷರ ತಪ್ಪಿದ್ದರೆ ತಿದ್ದುಪಡಿ 26ಕ್ಯೂ ಹಾಕಿಸುವುದು, ಇದೇ ಉಪಾಯ. ಆದರೆ ತಮ್ಮ ವಿಷಯದಲ್ಲಿ ಬಿಲ್ ಮಾರ್ಚ್ ಕೊನೆಯದು ಎಂದಿರುವುದರಿಂದ ನನಗೆ ಬೇರೆಯದೇ ಅನುಮಾನವಿದೆ. 3,96,000 ರೂಪಾಯಿ ಖಾತೆಗೆ ಬಂದ ದಿನಾಂಕ ಯಾವುದು? ಅಸೆಸ್‌ಮೆಂಟ್ ವರ್ಷ 2025–26 (ಅಂದರೆ 2024–25ರ ಆರ್ಥಿಕ ವರ್ಷದ ಲೆಕ್ಕ) ಎಂದು ಆರಿಸಿ 26ಎಎಸ್ ಅನ್ನು ಮತ್ತೊಮ್ಮೆ ತೆರೆದು ನೋಡುವಿರಾ?

ಕಂಬತೊಲೆ, ದಾವಣಗೆರೆ

ತಮ್ಮ ಅನುಮಾನ ಸರಿಯಾಗಿದೆ. ಹಣ ಏಪ್ರಿಲ್ ಎರಡನೇ ವಾರ ಬಂದಿದೆ. ಮುಂದಿನ ವರ್ಷದ 26ಎಎಸ್‌ನಲ್ಲಿ 194ಜೆ (ವೃತ್ತಿಪರ ಶುಲ್ಕದ ಟಿಡಿಎಸ್ ಸೆಕ್ಷನ್) ಅಡಿಯಲ್ಲಿ 4,40,000 ಮತ್ತು 44,000 ಎರಡೂ ಇವೆ, ಸ್ಥಿತಿ 'ಎಫ್' (ಅಂತಿಮ) ಎಂದು ತೋರಿಸುತ್ತಿದೆ.

ಅಂಗಡಿಲೆಕ್ಕ, ತುಮಕೂರು

ಹಾಗಿದ್ದರೆ ಚಿಂತೆ ಏಕೆ ಸರ್? ಮುಂದಿನ ವರ್ಷದ ರಿಟರ್ನ್‌ನಲ್ಲಿ 44,000 ಕೇಳಿಕೊಳ್ಳಿ. ಇಲ್ಲವಾದರೆ ಡಿಸೆಂಬರ್ 31ರೊಳಗೆ ರಿಟರ್ನ್ ಪರಿಷ್ಕರಿಸಿ ಆ ಬಿಲ್ಲನ್ನೇ ತೆಗೆದುಬಿಡಿ. ಆದಾಯ 7,10,000ಕ್ಕೆ ಇಳಿದು, ಮಾರ್ಜಿನಲ್ ರಿಲೀಫ್ (7 ಲಕ್ಷ ಮೀರಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗದಂತೆ ಕೊಡುವ ರಿಯಾಯಿತಿ) ಸಿಕ್ಕಿ, ಸೆಸ್ ಸೇರಿ ತೆರಿಗೆ 10,400 ಮಾತ್ರ ಆಗುತ್ತದೆ.

ಜಮಾಖರ್ಚು, ಧಾರವಾಡ

ತುಮಕೂರಿನ ಮಿತ್ರರ ಲೆಕ್ಕ ಸರಿಯಾಗಿಯೇ ಇದೆ, ಆದರೆ ಎರಡೂ ಸಲಹೆಗಳನ್ನು ಹಾಗೆಯೇ ಒಪ್ಪಲಾಗದು. ಆದಾಯ ಯಾವ ವರ್ಷದ ತೆರಿಗೆಗೆ ಒಳಪಡುತ್ತದೆಯೋ ಟಿಡಿಎಸ್ ಜಮೆಯೂ ಅದೇ ವರ್ಷಕ್ಕೆ ಸಲ್ಲಬೇಕು ಎಂದು ನಿಯಮ 37ಬಿಎ ಹೇಳುತ್ತದೆ. ಆದಾಯವನ್ನು ಒಂದು ವರ್ಷ ತೋರಿಸಿ ಟಿಡಿಎಸ್ ಅನ್ನು ಮಾತ್ರ ಮುಂದಿನ ವರ್ಷ ಕೇಳಿದರೆ, ಅಲ್ಲಿಯೂ ತಕರಾರು ಬರುವುದು ಖಚಿತ.

ಪರಿಷ್ಕರಣೆಯ ಮಾತಿಗೆ ಬರುವ ಮೊದಲು, ಇಷ್ಟು ವರ್ಷ ತಾವು ಲೆಕ್ಕ ಇಟ್ಟ ಪದ್ಧತಿ ಯಾವುದೆಂದು ಕೇಳಬೇಕಾಗುತ್ತದೆ. ನಗದು ಪದ್ಧತಿಯೋ ಮರ್ಕಂಟೈಲ್ ಪದ್ಧತಿಯೋ, ನಿಯತವಾಗಿ ಅನುಸರಿಸಿದ್ದನ್ನೇ ಮುಂದುವರಿಸಬೇಕು ಎಂಬುದು 145ನೇ ಸೆಕ್ಷನ್ ಆಶಯ. ಹಣ ಕೈಗೆ ಬಂದಾಗಲೇ ಆದಾಯವೆಂದು ಬರೆಯುತ್ತಾ ಬಂದಿದ್ದರೆ, ಮಾರ್ಚ್ ಬಿಲ್ ಆ ರಿಟರ್ನ್‌ಗೆ ಸೇರಲೇಬಾರದಿತ್ತು, ಆಗ ಪರಿಷ್ಕರಣೆಯೇ ಸರಿ. ಬಿಲ್ ಕೊಟ್ಟ ದಿನವೇ ಬರೆಯುತ್ತಾ ಬಂದಿದ್ದರೆ, ತೆರಿಗೆ ಇಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಈ ಒಂದು ಬಿಲ್‌ಗೆ ಮಾತ್ರ ಪದ್ಧತಿ ಬದಲಿಸುವುದನ್ನು ನಾನು ಒಪ್ಪಲಾರೆ.

ಕಂಬತೊಲೆ, ದಾವಣಗೆರೆ

ಮೊದಲಿನಿಂದಲೂ ಬಿಲ್ ದಿನಾಂಕವನ್ನೇ ಅನುಸರಿಸಿದ್ದೇನೆ. ಸಿಪಿಸಿಗೆ 154ನೇ ಸೆಕ್ಷನ್ ಅಡಿಯಲ್ಲಿ ತಿದ್ದುಪಡಿ ಕೋರಬಹುದೇ?

ಜಮಾಖರ್ಚು, ಧಾರವಾಡ

ಕೋರಿದರೂ ಫಲವಿಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿನ ಗಣಕವ್ಯವಸ್ಥೆ ಮತ್ತೆ ಅದೇ ವರ್ಷದ 26ಎಎಸ್‌ಗೇ ಹೋಲಿಸುವುದರಿಂದ, ಅದೇ ಉತ್ತರ ತಿರುಗಿ ಬರುತ್ತದೆ. ಇಂಥ ಪ್ರಸಂಗಕ್ಕೆಂದೇ 2023ರ ಹಣಕಾಸು ಕಾಯ್ದೆ 155ನೇ ಸೆಕ್ಷನ್‌ಗೆ 20ನೇ ಉಪಸೆಕ್ಷನ್ ಸೇರಿಸಿದ್ದು, ಅದು 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ರಿಟರ್ನ್‌ನಲ್ಲಿ ಆದಾಯ ತೋರಿಸಿದ ಬಳಿಕ, ಅದರ ಮೇಲಿನ ತೆರಿಗೆ ಮುಂದಿನ ಆರ್ಥಿಕ ವರ್ಷದಲ್ಲಿ ಕಡಿತವಾಗಿ ಸರ್ಕಾರಕ್ಕೆ ಜಮೆಯಾಗಿದ್ದರೆ, ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಫಾರಂ 71 ಸಲ್ಲಿಸಬೇಕು. ಅದು ಅಸೆಸಿಂಗ್ ಅಧಿಕಾರಿಗೆ ಹೋಗಿ, ಅವರು ಹಳೆಯ ವರ್ಷದ ಸೂಚನಾಪತ್ರವನ್ನೇ ತಿದ್ದಿ ಜಮೆ ಕೊಡುತ್ತಾರೆ. ಕಡಿತವಾದ ಆರ್ಥಿಕ ವರ್ಷ ಮುಗಿದ ಮೇಲೆ ಎರಡು ವರ್ಷಗಳ ಅವಕಾಶವಿರುವುದರಿಂದ ತಮಗೆ 2027ರ ಮಾರ್ಚ್ 31ರವರೆಗೆ ಸಮಯವಿದೆ. ಆದರೆ ಮರುಪಾವತಿಯ ಮೇಲಿನ ಬಡ್ಡಿ ಅರ್ಜಿ ಹಾಕಿದ ದಿನದಿಂದಷ್ಟೇ ಶುರುವಾಗುತ್ತದೆ, ಆದ್ದರಿಂದ ತಡಮಾಡಬೇಡಿ. ಕಂಪನಿಯಿಂದ ಆ ತ್ರೈಮಾಸಿಕದ ಫಾರಂ 16ಎ (ಟಿಡಿಎಸ್ ಪ್ರಮಾಣಪತ್ರ) ಪಡೆದು, ಬಿಲ್‌ನ ಪ್ರತಿಯೊಂದಿಗೆ ಇಟ್ಟುಕೊಳ್ಳಿ.

9,480 ರೂಪಾಯಿಯ ವಿಷಯ: ಬೇಡಿಕೆಗೆ ಒಪ್ಪಿಗೆಯಿಲ್ಲ ಎಂದು ಪೋರ್ಟಲ್‌ನಲ್ಲಿ ಉತ್ತರಿಸಬಹುದು. ಆದರೆ 30 ದಿನ ಮೀರಿದ ಮೇಲೆ ತಿಂಗಳಿಗೆ ಶೇ. 1ರ ಬಡ್ಡಿ ಬೆಳೆಯತೊಡಗುತ್ತದೆ, ಮುಂದೆ ಬರುವ ಮರುಪಾವತಿಯಲ್ಲಿ ಹಿಡಿದುಕೊಳ್ಳುವ ಸಾಧ್ಯತೆಯೂ ಇದೆ. ಮೊತ್ತ ಚಿಕ್ಕದಾದ್ದರಿಂದ ರೆಗ್ಯುಲರ್ ಅಸೆಸ್‌ಮೆಂಟ್ ತೆರಿಗೆ (ಚಲನ್‌ನಲ್ಲಿ ಸಂಕೇತ 400) ಎಂದು ಕಟ್ಟಿಬಿಡುವುದು ಲೇಸು. ಅರ್ಜಿ ಮಾನ್ಯವಾದಾಗ ಇದನ್ನೂ ಸೇರಿಸಿ 44,000 ರೂಪಾಯಿ ಹಿಂದಕ್ಕೆ ಬರಬೇಕು.

ತೊಗರಿಕಣಜ, ಕಲಬುರಗಿ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ಗ್ರಾಹಕರು ಟಿಡಿಎಸ್ ಕಡಿತ ಮಾಡಿ ಸರ್ಕಾರಕ್ಕೆ ಕಟ್ಟದೇ ಇದ್ದರೂ ಫಾರಂ 71 ನಡೆಯುತ್ತದೆಯೇ?

ಜಮಾಖರ್ಚು, ಧಾರವಾಡ

ಇಲ್ಲ, ಅದು ಬೇರೆ ಸಮಸ್ಯೆ. ಕಡಿತವಾದಷ್ಟು ತೆರಿಗೆಯನ್ನು ಮತ್ತೆ ತಮ್ಮಿಂದ ಕೇಳುವಂತಿಲ್ಲ ಎನ್ನುತ್ತದೆ 205ನೇ ಸೆಕ್ಷನ್, ಇಂಥ ತೆರಿಗೆದಾರರ ಮೇಲೆ ಬಲವಂತದ ವಸೂಲಿ ಬೇಡವೆಂದು ನೇರ ತೆರಿಗೆ ಮಂಡಳಿಯೂ 2016ರ ಮಾರ್ಚ್ 11ರಂದು ಸೂಚಿಸಿದೆ. ಟಿಡಿಎಸ್ ಕಳೆದು ಹಣ ಕೊಟ್ಟಿದ್ದಕ್ಕೆ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಪಾವತಿಯ ವಿವರಪತ್ರ ಇವುಗಳೇ ಸಾಕ್ಷಿ.

ಕಂಬತೊಲೆ, ದಾವಣಗೆರೆ

9,480 ಕಟ್ಟಿ, ಫಾರಂ 71 ಸಲ್ಲಿಸಿದ್ದೇನೆ. ಮುಂದಿನ ವರ್ಷದ 26ಎಎಸ್‌ನಲ್ಲಿ ಈ 4,40,000 ಕಾಣುತ್ತಲೇ ಇರುತ್ತದಲ್ಲ, ಆಗ ಏನು ಮಾಡಬೇಕು?

ಜಮಾಖರ್ಚು, ಧಾರವಾಡ

ಆ ರಿಟರ್ನ್‌ನಲ್ಲಿ 4,40,000 ಸ್ವೀಕೃತಿಯನ್ನೂ ತೋರಿಸಬೇಡಿ, 44,000 ಜಮೆಯನ್ನೂ ಕೇಳಬೇಡಿ. ಎಐಎಸ್‌ನಲ್ಲಿ (ಪೋರ್ಟಲ್‌ನ ವಾರ್ಷಿಕ ಮಾಹಿತಿ ಪಟ್ಟಿ) ಆ ಸಾಲಿನ ಎದುರು, ಮಾಹಿತಿ ಬೇರೆ ವರ್ಷಕ್ಕೆ ಸಂಬಂಧಿಸಿದ್ದು ಎಂಬ ಪ್ರತಿಕ್ರಿಯೆಯನ್ನು ದಾಖಲಿಸಿ. 26ಎಎಸ್ ಮೊತ್ತಕ್ಕೂ ತಮ್ಮ ರಿಟರ್ನ್ ಮೊತ್ತಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವ ತಾಳೆಪಟ್ಟಿಯೊಂದನ್ನು ಫಾರಂ 71ರ ಸ್ವೀಕೃತಿ ಸಂಖ್ಯೆಯೊಂದಿಗೆ ಕಡತದಲ್ಲಿಡಿ.