ಸಹಾಯ ಬೇಕು: ನಾಯಿಗೆ ಹಾರ್ಟ್‌ವರ್ಮ್, ದಾವಣಗೆರೆಯಲ್ಲಿ ಎಕೋ (ಹೃದಯದ ಸ್ಕ್ಯಾನ್) ಎಲ್ಲಿ ಮಾಡ್ತಾರೆ?

ನಮಸ್ಕಾರ. ನಮ್ಮ ಲ್ಯಾಬ್ರಡಾರ್ ರಾಣಿಗೆ ಹಾರ್ಟ್‌ವರ್ಮ್ ಇದೆ ಅಂತ ರಕ್ತ ಪರೀಕ್ಷೆಯಲ್ಲಿ ಬಂದಿದೆ. ಸ್ವಲ್ಪ ನಡೆದರೂ ಕೆಮ್ಮು, ಏದುಸಿರು. ನೋಡೋಕೆ ಆಗುತ್ತಿಲ್ಲ. ಇದು ಸೊಳ್ಳೆ ಕಚ್ಚಿ ಬರುವ ಹುಳು. ಭದ್ರಾ ನಾಲೆ, ಭತ್ತದ ಗದ್ದೆ ಇರುವ ನಮ್ಮ ಕಡೆ ಸೊಳ್ಳೆ ಜಾಸ್ತಿ ಅಲ್ವಾ? ಹುಳು ಬೆಳೆಯಲು ಸುಮಾರು 6 ತಿಂಗಳು ಬೇಕು, ಶ್ವಾಸಕೋಶದ ರಕ್ತನಾಳದಲ್ಲಿ 30 ಸೆಂ.ಮೀ.ವರೆಗೂ ಉದ್ದವಾಗುತ್ತದೆ.

ಡಾಕ್ಟರ್ ಎಕೋ ಮಾಡಿಸಿ ಎಂದಿದ್ದಾರೆ. ದಾವಣಗೆರೆಯಲ್ಲೇ ಆಗುತ್ತದಾ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗಬೇಕಾ? ಈ ಹುಳು ಸಾಯಿಸುವ ಮೆಲಾರ್ಸೊಮೈನ್ ಇಂಜೆಕ್ಷನ್ ಯಾರಿಗಾದರೂ ಸಿಕ್ಕಿದೆಯಾ?

ಬೆಳ್ಳುಳ್ಳಿ ಕೊಡಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ, ಅದು ನಾಯಿಯ ರಕ್ತಕಣ ಹಾಳು ಮಾಡುತ್ತದೆ. ಚಿಕಿತ್ಸೆ ಜೊತೆಗೆ ಹೃದಯಕ್ಕೆ ಹಗುರಾದ ಊಟ, ಮೀನೆಣ್ಣೆ ಇಂಥದ್ದನ್ನು ಡಾಕ್ಟರ್ ಸಲಹೆಯಂತೆ ಕೊಟ್ಟವರಿದ್ದರೆ ತಿಳಿಸಿ. ಚಿಕಿತ್ಸೆ ಸಮಯದಲ್ಲಿ ನಾಯಿಯನ್ನು ಓಡಾಡದಂತೆ ತಿಂಗಳುಗಟ್ಟಲೆ ಹೇಗೆ ಕೂರಿಸಿದಿರಿ, ಅದನ್ನೂ ಬರೆಯಿರಿ.